ಔಷಧಿ ಹುಡುಕಾಟದಲ್ಲಿ ಅಣುಗಳ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಔಷಧಿ ಕಂಪನಿ ಅಂದರೂ ಅರ್ಥವಾಗುತ್ತದೆ. ಔಷಧಿಗೋಸ್ಕರ ಭೌತಶಾಸ್ತ್ರದ ಲೆಕ್ಕ ಮಾಡುವ ಕೆಲಸ ಅಂದರೆ ಮಾತ್ರ ಪ್ರಶ್ನೆಗಳು ಶುರುವಾಗುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು, ಎಂಎಸ್ಸಿ ಓದುವ ಹುಡುಗ ಹುಡುಗಿಯರು, ಲ್ಯಾಬ್‌ನಲ್ಲಿ ಕೆಲಸ ಮಾಡುವ ಗೆಳೆಯರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ನಾಲ್ಕು ಸಾಲು. ಕೆಲವು ಉದ್ದ ಆಗಿವೆ, ಸ್ವಲ್ಪ ತಾಳ್ಮೆ ಇರಲಿ.

ಅಂದರೆ ಕಂಪ್ಯೂಟರ್‌ನಲ್ಲೇ ಔಷಧಿ ಕಂಡುಹಿಡಿಯುತ್ತೀರಾ?

ಇಲ್ಲ. ಕೆಮಿಸ್ಟ್‌ಗಳು, ಬಯಾಲಜಿಸ್ಟ್‌ಗಳು, ಡಾಕ್ಟರುಗಳು, ಪ್ರಯೋಗಕ್ಕೆ ಒಪ್ಪಿಕೊಳ್ಳುವ ರೋಗಿಗಳು, ಎಲ್ಲರೂ ಸೇರಿದರೆ ಒಂದು ಔಷಧಿ. ಹತ್ತು ಹದಿನೈದು ವರ್ಷದ ಕೆಲಸ ಅದು. ನಮ್ಮ ಪಾಲು ಅದರಲ್ಲಿ ಚಿಕ್ಕದು. ಮುಂದಿನ ವಾರ ಯಾವ ಅಣು ತಯಾರಿಸಿದರೆ ಒಳ್ಳೆಯದು ಎಂದು ಕೆಮಿಸ್ಟ್‌ಗೆ ಒಂದು ಅಭಿಪ್ರಾಯ ಕೊಡುತ್ತೇವೆ, ಅಷ್ಟೇ.

ಅಷ್ಟೇನಾ ಅನಿಸಬಹುದು. ಆದರೆ ಒಂದು ಹೊಸ ಅಣುವನ್ನು ಲ್ಯಾಬ್‌ನಲ್ಲಿ ತಯಾರಿಸಲು ಒಂದು ವಾರವೂ ಆಗಬಹುದು, ಎರಡು ತಿಂಗಳೂ ಹಿಡಿಯಬಹುದು. ಒಂದು ಪ್ರಾಜೆಕ್ಟಿನಲ್ಲಿ ಸಾವಿರಾರು ಅಣು ಮಾಡಿ ನೋಡುವುದುಂಟು. ಅದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದವು. ಔಷಧಿ ಆಗಬಹುದಾದ ಚಿಕ್ಕ ಅಣುಗಳ ಒಟ್ಟು ಸಂಖ್ಯೆ 1ರ ಮುಂದೆ 60 ಸೊನ್ನೆ ಇರಬಹುದು ಎಂಬ ಅಂದಾಜಿದೆ. ಎಲ್ಲವನ್ನೂ ಮಾಡಿ ನೋಡಲು ಭೂಮಿ ಮೇಲಿನ ಕಚ್ಚಾವಸ್ತುವೇ ಸಾಲದು. ಹಾಗಾಗಿ ನಮ್ಮ ಕೆಲಸದ ಬೆಲೆ ಇರುವುದು ಕೆಮಿಸ್ಟ್ ಮಾಡದೇ ಬಿಟ್ಟ ಅಣುಗಳಲ್ಲಿ. ಇದನ್ನು ಅಪ್ರೈಸಲ್‌ನಲ್ಲಿ ತೋರಿಸುವುದು ಕಷ್ಟ, ಅದು ಬೇರೆ ಮಾತು.

ಇದರಲ್ಲಿ ಭೌತಶಾಸ್ತ್ರ ಎಲ್ಲಿಂದ ಬಂತು? ಇದು ಕೆಮಿಸ್ಟ್ರಿ ಅಲ್ವಾ?

ನುಂಗಿದ ಮಾತ್ರೆ ಕರಗಿ, ರಕ್ತಕ್ಕೆ ಸೇರಿ, ಕೊನೆಗೆ ಅದರ ಅಣು ಯಾವುದೋ ಒಂದು ಪ್ರೋಟೀನಿನ ಗುಳಿಯಲ್ಲಿ ಹೋಗಿ ಕೂರಬೇಕು. ಆಗ ಆ ಪ್ರೋಟೀನ್ ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ ಅಥವಾ ಬದಲಾಗುತ್ತದೆ. ಎಷ್ಟು ಗಟ್ಟಿಯಾಗಿ ಕೂರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಬಲಗಳು. ವಿರುದ್ಧ ವಿದ್ಯುದಂಶಗಳು ಸೆಳೆಯುತ್ತವೆ. ಪರಮಾಣುಗಳು ತೀರಾ ಹತ್ತಿರ ಬಂದರೆ ತಳ್ಳುತ್ತವೆ, ಸ್ವಲ್ಪ ದೂರದಲ್ಲಿದ್ದರೆ ಮೆಲ್ಲಗೆ ಎಳೆಯುತ್ತವೆ. ಪರಮಾಣುಗಳ ನಡುವಿನ ಬಂಧವನ್ನು ಒಂದು ಸ್ಪ್ರಿಂಗ್ ಎಂದೇ ಲೆಕ್ಕ ಹಿಡಿಯುತ್ತೇವೆ. ಈ ಎಲ್ಲ ಸೂತ್ರಗಳ ಕಂತೆಗೆ ಫೋರ್ಸ್ ಫೀಲ್ಡ್ ಎಂದು ಹೆಸರು.

ಬಲ ಗೊತ್ತಾದ ಮೇಲೆ ಉಳಿದದ್ದು ಪಿಯುಸಿಯಲ್ಲಿ ಓದಿದ ನ್ಯೂಟನ್ನನ ಎರಡನೇ ನಿಯಮ. ಪ್ರತಿ ಪರಮಾಣುವನ್ನೂ ಒಂದು ಚೂರು ಸರಿಸು, ಮತ್ತೆ ಬಲ ಲೆಕ್ಕ ಹಾಕು, ಮತ್ತೆ ಸರಿಸು. ಒಂದು ಹೆಜ್ಜೆ ಅಂದರೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡ್. ಹೀಗೆ 50 ಕೋಟಿ ಹೆಜ್ಜೆ ಹಾಕಿದರೆ ಒಂದು ಮೈಕ್ರೋಸೆಕೆಂಡ್, ಅಂದರೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಪ್ರತಿ ಹೆಜ್ಜೆಯಲ್ಲೂ ಪ್ರೋಟೀನು, ಔಷಧಿ ಅಣು, ಸುತ್ತಲಿನ ನೀರು ಎಲ್ಲ ಸೇರಿ ಐವತ್ತು ಸಾವಿರದಿಂದ ಲಕ್ಷದವರೆಗೆ ಪರಮಾಣುಗಳು ಇರುತ್ತವೆ. ಒಟ್ಟೊಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಜಿಪಿಯು ಚಿಪ್ ಯಾಕೆ ಬೇಕು ಅಂತ ಈಗ ಗೊತ್ತಾಯ್ತಲ್ಲ.

ಈ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್. 1964ರಲ್ಲಿ ಅವರು ಅಮೆರಿಕದಲ್ಲಿ 864 ಆರ್ಗಾನ್ ಪರಮಾಣುಗಳ ದ್ರವವನ್ನು ಕಂಪ್ಯೂಟರ್‌ನಲ್ಲಿ ಓಡಾಡಿಸಿ ತೋರಿಸಿದರು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಕಂಪ್ಯೂಟರ್‌ನಲ್ಲಿ ಓಡಾಡಿಸುವುದಕ್ಕೆ ಸಿಮ್ಯುಲೇಷನ್ ಎನ್ನುತ್ತೇವೆ. ಪ್ರೋಟೀನಿನ ಮೊದಲ ಸಿಮ್ಯುಲೇಷನ್ ಬಂದದ್ದು 1977ರಲ್ಲಿ. ಸುತ್ತ ನೀರೂ ಇಲ್ಲದೆ, 10 ಪಿಕೋಸೆಕೆಂಡಿಗೂ (ಒಂದು ಪಿಕೋಸೆಕೆಂಡ್ ಅಂದರೆ ಸಾವಿರ ಫೆಮ್ಟೋಸೆಕೆಂಡ್) ಕಡಿಮೆ ಹೊತ್ತು. ಅದರ ಹಿಂದಿದ್ದ ಮಾರ್ಟಿನ್ ಕಾರ್ಪ್ಲಸ್ ಅವರಿಗೆ 2013ರಲ್ಲಿ ಮೈಕೆಲ್ ಲೆವಿಟ್, ಏರಿಯಾ ವಾರ್ಶೆಲ್ ಜೊತೆಗೆ ನೊಬೆಲ್ ಬಂತು. ಭೌತಶಾಸ್ತ್ರದ ನೊಬೆಲ್ ಅಲ್ಲ, ಕೆಮಿಸ್ಟ್ರಿಯದ್ದು. ಹಾಗಾಗಿ ನಿಮ್ಮ ಅನುಮಾನದಲ್ಲೂ ಹುರುಳಿದೆ.

ಪ್ರೋಟೀನಿನ ಆಕಾರ ನಿಮಗೆ ಹೇಗೆ ಗೊತ್ತಾಗುತ್ತದೆ?

ಎಕ್ಸ್-ರೇ ಕ್ರಿಸ್ಟಲೋಗ್ರಫಿ (ಪ್ರೋಟೀನಿನ ಹರಳಿಗೆ ಎಕ್ಸ್-ರೇ ಹಾಯಿಸಿ ನೋಡುವುದು) ಅಥವಾ ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದು) ಮಾಡುವವರು ಕಂಡುಹಿಡಿದು ಕೊಡುತ್ತಾರೆ. ಪ್ರಪಂಚದಲ್ಲಿ ಎಲ್ಲೇ ಒಂದು ಪ್ರೋಟೀನಿನ ರಚನೆ ಪ್ರಕಟವಾದರೂ ಅದು ಪ್ರೋಟೀನ್ ಡೇಟಾ ಬ್ಯಾಂಕಿಗೆ ಸೇರುತ್ತದೆ. 1971ರಲ್ಲಿ ಏಳು ರಚನೆಗಳಿಂದ ಶುರುವಾದದ್ದು, ಈಗ ಎರಡು ಲಕ್ಷ ದಾಟಿದೆ. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು.

ಇಳಿಸಿಕೊಂಡ ರಚನೆ ಸರಿಯಾಗಿದೆಯಾ ಎಂದು ನೋಡಲು ಇವತ್ತಿಗೂ ಎಲ್ಲರೂ ತೆಗೆಯುವುದು ರಾಮಚಂದ್ರನ್ ನಕ್ಷೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ ಎಂದು ತೋರಿಸುವ ಚಿತ್ರ ಅದು. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸಿನಲ್ಲಿ ಮಾಡಿದ್ದು. ಆಮೇಲೆ ರಾಮಚಂದ್ರನ್ ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಪರಮಾಣುಗಳಿಗೂ ಗಾತ್ರ ಇದೆ, ಒಂದರೊಳಗೆ ಒಂದು ತೂರಲಾರವು. ಅಷ್ಟು ಸರಳ ಭೌತಶಾಸ್ತ್ರದಿಂದ ಅಷ್ಟು ದೊಡ್ಡ ಫಲ ಬಂದದ್ದು ನನಗೆ ಈಗಲೂ ಸೋಜಿಗ.

ಬೀಗಕ್ಕೆ ಕೀಲಿ ಕೂತ ಹಾಗೆ ಅಂತ ಪುಸ್ತಕದಲ್ಲಿ ಓದಿದ್ದೆವು. ಹಾಗೇನಾ?

ಎಮಿಲ್ ಫಿಶರ್ 1894ರಲ್ಲಿ ಕೊಟ್ಟ ಹೋಲಿಕೆ ಅದು. ಶುರುವಿಗೆ ಚೆನ್ನಾಗಿದೆ, ಆದರೆ ಎರಡು ವಿಷಯ ಮುಚ್ಚಿಡುತ್ತದೆ. ಒಂದು, ಪ್ರೋಟೀನ್ ಸುಮ್ನೆ ಕೂತಿರುವುದಿಲ್ಲ. ಮೈ 37 ಡಿಗ್ರಿಯಲ್ಲಿ ಅದು ಸದಾ ಅಲುಗಾಡುತ್ತಿರುತ್ತದೆ. ಕೆಲವು ಗುಳಿಗಳು ಕ್ಷಣಕಾಲ ತೆರೆದು ಮತ್ತೆ ಮುಚ್ಚಿಕೊಳ್ಳುತ್ತವೆ. ಎಕ್ಸ್-ರೇ ಚಿತ್ರದಲ್ಲಿ ಕಾಣದ ಗುಳಿ ಸಿಮ್ಯುಲೇಷನ್‌ನಲ್ಲಿ ಕಾಣುವುದುಂಟು.

ಎರಡನೆಯದು ನೀರು. ಗುಳಿ ಖಾಲಿ ಇರುವುದಿಲ್ಲ, ಅಲ್ಲಿ ಮೊದಲೇ ನೀರಿನ ಅಣುಗಳು ಇರುತ್ತವೆ. ಔಷಧಿಯ ಅಣುವಿನ ಸುತ್ತಲೂ ನೀರಿದೆ. ಅಂಟಿಕೊಳ್ಳಬೇಕಾದರೆ ಎರಡು ಕಡೆಯ ನೀರೂ ಜಾಗ ಬಿಡಬೇಕು. ಗುಳಿಯಲ್ಲಿ ಇರುಸುಮುರುಸಾಗಿ ಕೂತಿದ್ದ ನೀರನ್ನು ಹೊರಗೆ ಹಾಕಿದರೆ ನಮಗೆ ಲಾಭ. ನಾಲ್ಕು ಕಡೆ ಹೈಡ್ರೋಜನ್ ಬಂಧ ಮಾಡಿಕೊಂಡು ಗಟ್ಟಿಯಾಗಿ ಕೂತ ನೀರನ್ನು ಹೊರಗೆ ಹಾಕಿದರೆ ನಷ್ಟ. ಚಿತ್ರದಲ್ಲಿ ನೋಡಲು ಚೆಂದವಾಗಿ ಕೂತ ಅಣು ಲ್ಯಾಬ್‌ನಲ್ಲಿ ಸೋತರೆ, ಮೊದಲು ಅನುಮಾನಿಸಬೇಕಾದದ್ದು ನೀರನ್ನೇ.

ನಮ್ಮ ಕಾಲೇಜು ಪ್ರಾಜೆಕ್ಟಿನಲ್ಲಿ ಅರಿಶಿನದ ಕರ್ಕ್ಯುಮಿನ್‌ಗೆ ಡಾಕಿಂಗ್ ಸ್ಕೋರ್ ಮೈನಸ್ 9.8 ಬಂತು. ಪೇಪರ್ ಮಾಡಬಹುದಾ?

ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಮ್ಮೆ ತುಳಸಿ, ಒಮ್ಮೆ ಅಮೃತಬಳ್ಳಿ, ಒಮ್ಮೆ ಬೇವು. ಕೋವಿಡ್ ಸಮಯದಲ್ಲಂತೂ ಇಂಥ ಪೇಪರ್‌ಗಳ ಮಳೆಯೇ ಸುರಿಯಿತು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡಾಕಿಂಗ್ ಅಂದರೆ ಒಂದು ಅಣುವನ್ನು ಗುಳಿಯೊಳಗೆ ಬೇರೆ ಬೇರೆ ಭಂಗಿಯಲ್ಲಿ ಕೂರಿಸಿ ನೋಡಿ, ಪ್ರತಿ ಭಂಗಿಗೂ ಒಂದು ಅಂಕ ಕೊಡುವುದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವಿಧಾನ. ಅದರ ದೊಡ್ಡ ಗುಣ ವೇಗ. ಒಂದು ಅಣುವಿಗೆ ಕೆಲವು ಸೆಕೆಂಡ್ ಸಾಕು. ಆ ವೇಗಕ್ಕೋಸ್ಕರ ಪ್ರೋಟೀನನ್ನು ಬಹುಮಟ್ಟಿಗೆ ಅಲುಗದಂತೆ ಹಿಡಿದಿಡುತ್ತಾರೆ, ನೀರನ್ನು ಒಂದು ಸರಾಸರಿ ಲೆಕ್ಕದಲ್ಲಿ ಮುಗಿಸುತ್ತಾರೆ.

ಈಗ ನಿಮ್ಮ ಮೈನಸ್ 9.8. ಅದು ಒಂದು ಮೋಲ್‌ಗೆ ಇಷ್ಟು ಕಿಲೋಕ್ಯಾಲೊರಿ ಎಂಬ ಲೆಕ್ಕ, ಮೈನಸ್ ಹೆಚ್ಚಾದಷ್ಟೂ ಗಟ್ಟಿಯಾಗಿ ಅಂಟುತ್ತದೆ ಎಂದರ್ಥ. ಅದನ್ನು ಹಾಗೇ ನಂಬಿದರೆ ಕರ್ಕ್ಯುಮಿನ್ ಸುಮಾರು 65 ನ್ಯಾನೋಮೋಲಾರ್‌ನಲ್ಲೇ, ಅಂದರೆ ದ್ರಾವಣದಲ್ಲಿ ತೀರಾ ಸ್ವಲ್ಪ ಇದ್ದರೂ, ಅಂಟಬೇಕು. ಇಂಥ ಅಣು ಸಿಕ್ಕರೆ ಔಷಧಿ ಕಂಪನಿಯವರು ಕುಣಿದಾಡುತ್ತಾರೆ. ಆದರೆ ಡಾಕಿಂಗ್ ಅಂಕ ಎರಡು ಮೂರು ಕಿಲೋಕ್ಯಾಲೊರಿ ಆಚೀಚೆ ಆಗುವುದು ಮಾಮೂಲು. ಅಷ್ಟು ವ್ಯತ್ಯಾಸವಾದರೆ ಅಂಟುವ ಶಕ್ತಿ ನೂರು ಪಟ್ಟು ಕಡಿಮೆ ಇರಬಹುದು. ಇನ್ನೊಂದು ವಿಷಯ, ಅಣು ದೊಡ್ಡದಾದಷ್ಟೂ ಅಂಕ ಜಾಸ್ತಿ ಬರುತ್ತದೆ. ಕರ್ಕ್ಯುಮಿನ್ ಉದ್ದನೆಯ ಅಣು, ಯಾವ ಪ್ರೋಟೀನಿಗೆ ಹಾಕಿದರೂ ಒಳ್ಳೆಯ ಅಂಕ ತರುತ್ತದೆ. ಲ್ಯಾಬ್‌ನಲ್ಲೂ ಅದು ಮೋಸ ಮಾಡುವುದಕ್ಕೆ ಹೆಸರುವಾಸಿ. ತಾನೇ ಹೊಳೆಯುತ್ತದೆ, ಪ್ರೋಟೀನ್‌ಗಳ ಜೊತೆ ಸಿಕ್ಕಾಬಟ್ಟೆ ವರ್ತಿಸುತ್ತದೆ, ಹಾಗಾಗಿ ಎಷ್ಟೋ ಪರೀಕ್ಷೆಗಳಲ್ಲಿ ಸುಳ್ಳು ಪಾಸ್ ಆಗುತ್ತದೆ. ತಿಂದದ್ದು ರಕ್ತಕ್ಕೆ ಸೇರುವುದೂ ತೀರಾ ಕಡಿಮೆ.

ಡಾಕಿಂಗ್ ಕೆಟ್ಟದ್ದು ಅನ್ನುತ್ತಿಲ್ಲ. ನೂರಾರು ಕೋಟಿ ಅಣುಗಳ ಪಟ್ಟಿಯಿಂದ ಲ್ಯಾಬ್‌ನಲ್ಲಿ ನೋಡಲು ನೂರು ಆರಿಸಬೇಕಾದಾಗ ಅದಿಲ್ಲದೆ ಆಗುವುದಿಲ್ಲ. ನೂರರಲ್ಲಿ ಹತ್ತು ನಿಜವಾಗಿ ಅಂಟಿದರೂ ಖುಷಿಯೇ. ಒಂದೇ ಅಣು, ಒಂದೇ ಅಂಕ, ಅದರ ಮೇಲೆ ಒಂದು ತೀರ್ಮಾನ ಅಂದಾಗ ತೊಂದರೆ. ಪೇಪರ್ ಮಾಡುವುದಿದ್ದರೆ ಬಯೋಕೆಮಿಸ್ಟ್ರಿ ವಿಭಾಗದ ಮೇಷ್ಟ್ರನ್ನು ಹಿಡಿದು ಒಂದು ಕಿಣ್ವದ ಪರೀಕ್ಷೆಯನ್ನಾದರೂ ಮಾಡಿಸಿ. ಗೊತ್ತಿರುವ ಔಷಧಿಯನ್ನೂ, ಕೆಲಸಕ್ಕೆ ಬಾರದ ನಾಲ್ಕಾರು ಅಣುಗಳನ್ನೂ ಅದೇ ಗುಳಿಗೆ ಡಾಕ್ ಮಾಡಿ ಹೋಲಿಸಿ. ಇಷ್ಟು ಮಾಡಿದ ಮೇಲೂ ಕರ್ಕ್ಯುಮಿನ್ ಗೆದ್ದರೆ ನನಗೂ ಒಂದು ಮೇಲ್ ಹಾಕಿ.

ಹಾಗಾದರೆ ನಂಬುವಂಥ ಲೆಕ್ಕ ಯಾವುದು?

ಸದ್ಯಕ್ಕೆ ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ ಎಫ್‌ಇಪಿ, ಅಂದರೆ ಫ್ರೀ ಎನರ್ಜಿ ಪರ್ಟರ್ಬೇಷನ್. ಇದರ ಮೂಲ ಸೂತ್ರವನ್ನು ರಾಬರ್ಟ್ ಜ್ವಾನ್ಜಿಗ್ 1954ರಲ್ಲೇ ಬರೆದಿದ್ದರು. ಔಷಧಿ ಕಂಪನಿಗಳು ದಿನನಿತ್ಯ ಬಳಸುವ ಮಟ್ಟಕ್ಕೆ ಬಂದದ್ದು ಜಿಪಿಯುಗಳು ಅಗ್ಗವಾದ ಮೇಲೆ, 2015ರ ಆಸುಪಾಸಿನಲ್ಲಿ.

ಒಂದು ಉದಾಹರಣೆ ಹಿಡಿಯೋಣ. ಕೆಮಿಸ್ಟ್ ಹತ್ತಿರ ಒಂದು ಅಣು ಇದೆ, ಚೆನ್ನಾಗಿ ಅಂಟುತ್ತದೆ. ಅದರ ಉಂಗುರದ ಮೇಲಿನ ಒಂದು ಹೈಡ್ರೋಜನ್ ತೆಗೆದು ಮೀಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಹಾಕಿದರೆ ಇನ್ನೂ ಗಟ್ಟಿಯಾಗಿ ಅಂಟುತ್ತದಾ? ಇದು ಸಣ್ಣ ಪ್ರಶ್ನೆಯಲ್ಲ. 2012ರಲ್ಲಿ ಒಂದು ಗುಂಪು ಇಂಥ ಎರಡು ಸಾವಿರಕ್ಕೂ ಜಾಸ್ತಿ ಉದಾಹರಣೆಗಳನ್ನು ಕಲೆಹಾಕಿ ನೋಡಿತು. ಮೀಥೈಲ್ ಹಾಕಿದರೆ ಒಳ್ಳೆಯದಾಗುವ, ಕೆಡುವ ಸಾಧ್ಯತೆ ಹೆಚ್ಚುಕಡಿಮೆ ಸಮ. ಹತ್ತು ಪಟ್ಟು ಲಾಭವಾದದ್ದು ನೂರರಲ್ಲಿ ಎಂಟು ಸಲ. ನೂರು ಪಟ್ಟು ಲಾಭ ಇನ್ನೂರರಲ್ಲಿ ಒಂದು ಸಲ. ಅಣುವಿನ ಮೇಲೆ ಮೀಥೈಲ್ ಹಾಕಬಹುದಾದ ಜಾಗ ಎಂಟು ಹತ್ತು ಇರುತ್ತವೆ. ಯಾವ ಜಾಗ?

ಅಣು ನೀರಿನಿಂದ ಗುಳಿಗೆ ಬರುವುದನ್ನು ಪೂರ್ತಿ ಸಿಮ್ಯುಲೇಟ್ ಮಾಡಲು ಹೊರಟರೆ ಕಾಲ ಸಾಲದು. ಎಫ್‌ಇಪಿ ಅಡ್ಡದಾರಿ ಹಿಡಿಯುತ್ತದೆ. ಗುಳಿಯೊಳಗೆ ಕೂತಿರುವಾಗಲೇ ಹೈಡ್ರೋಜನ್ನನ್ನು ಮೆಲ್ಲಗೆ ಅಳಿಸುತ್ತಾ ಮೀಥೈಲನ್ನು ಮೆಲ್ಲಗೆ ಮೂಡಿಸುತ್ತೇವೆ, ಹತ್ತು ಹದಿನೈದು ಮೆಟ್ಟಿಲುಗಳಲ್ಲಿ. ನಡುವೆ ಕಾಲುಭಾಗ ಮೀಥೈಲ್, ಅರ್ಧ ಮೀಥೈಲ್ ಇರುವ, ನಿಜದಲ್ಲಿ ಎಲ್ಲೂ ಇರದ ಅಣುಗಳು ಬರುತ್ತವೆ. ಇದೇ ಬದಲಾವಣೆಯನ್ನು ಬರೀ ನೀರಿನಲ್ಲೂ ಮಾಡುತ್ತೇವೆ. ಎರಡೂ ಕಡೆ ಖರ್ಚಾದ ಶಕ್ತಿಯ ವ್ಯತ್ಯಾಸವೇ ನಮಗೆ ಬೇಕಾದ ಉತ್ತರ. ಶಕ್ತಿಯ ಲೆಕ್ಕಕ್ಕೆ ಶುರು ಮತ್ತು ಕೊನೆ ಮುಖ್ಯ, ಹೋದ ದಾರಿ ಮುಖ್ಯವಲ್ಲ. ಹಾಗಾಗಿ ಇಲ್ಲದ ಅಣುಗಳ ಮೇಲೆ ಹಾದುಹೋದರೂ ತಪ್ಪಿಲ್ಲ.

ನಿಖರತೆ ಎಷ್ಟು ಅಂದರೆ, ಎಲ್ಲ ಕೂಡಿಬಂದರೆ ಸರಾಸರಿ ತಪ್ಪು ಸುಮಾರು ಒಂದು ಕಿಲೋಕ್ಯಾಲೊರಿ. ಅಂಟುವ ಶಕ್ತಿ ಹತ್ತು ಪಟ್ಟು ಹೆಚ್ಚಬೇಕಾದರೆ ಸುಮಾರು 1.4 ಕಿಲೋಕ್ಯಾಲೊರಿ ಬೇಕು. ಅಂದರೆ ನಮ್ಮ ಒಳ್ಳೆಯ ದಿನದ ಲೆಕ್ಕವೂ ಐದು ಪಟ್ಟು ಆಚೀಚೆ ಹೋಗಬಹುದು. ಕೆಮಿಸ್ಟ್‌ಗೆ ಇಷ್ಟು ಸಾಕು. ಹತ್ತು ಅಣುಗಳಲ್ಲಿ ಕೆಳಗಿನ ಆರನ್ನು ಬಿಡಲು ಧೈರ್ಯ ಬರುತ್ತದೆ.

ಕೈಕೊಡುವ ಜಾಗಗಳೂ ಗೊತ್ತಿವೆ. ಅಣುವಿನ ಒಟ್ಟು ವಿದ್ಯುದಂಶ ಬದಲಾದಾಗ, ಗುಳಿಯ ಆಳದಲ್ಲಿ ನೀರು ಸಿಕ್ಕಿಕೊಂಡಾಗ, ಹೊಸ ಗುಂಪಿಗೆ ಜಾಗ ಮಾಡಲು ಪ್ರೋಟೀನ್ ದೊಡ್ಡದಾಗಿ ಸರಿಯಬೇಕಾದಾಗ. ಅಣು ಕೂತ ಭಂಗಿಯನ್ನೇ ತಪ್ಪು ಹಿಡಿದಿದ್ದರಂತೂ ಮುಂದಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದಿನದ ಕೆಲಸ ಹೇಗಿರುತ್ತದೆ? ಒಂದು ಬಟನ್ ಒತ್ತಿದರೆ ಆಯ್ತಾ?

ಬಟನ್ ಇದೆ. ಅದನ್ನು ಒತ್ತುವ ಮುಂಚಿನ ಕೆಲಸವೇ ನಿಜವಾದ ಕೆಲಸ. ಹೊಸಬರಿಗೆ ಕಲಿಸಲು ನಾನು ಬಳಸುವ ಜೋಡಿ ಟ್ರಿಪ್ಸಿನ್ ಮತ್ತು ಬೆಂಜಾಮಿಡಿನ್. ಟ್ರಿಪ್ಸಿನ್ ನಾವು ತಿಂದ ಬೇಳೆಯ ಪ್ರೋಟೀನನ್ನು ಕರುಳಿನಲ್ಲಿ ಕತ್ತರಿಸುವ ಕಿಣ್ವ. ಬೆಂಜಾಮಿಡಿನ್ ಪುಟ್ಟ ಅಣು, ಪ್ರೋಟಾನ್ ಸೇರಿದ ರೂಪದಲ್ಲಿ 18 ಪರಮಾಣು ಅಷ್ಟೇ. ಒಂದು ತುದಿಯಲ್ಲಿ ಬೆಂಜೀನ್ ಉಂಗುರ, ಇನ್ನೊಂದು ತುದಿಯಲ್ಲಿ ಧನ ವಿದ್ಯುದಂಶ. ಟ್ರಿಪ್ಸಿನ್ನಿನ ಗುಳಿಯ ತಳದಲ್ಲಿ 189ನೇ ಜಾಗದ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲ ಋಣ ವಿದ್ಯುದಂಶ ಹೊತ್ತು ಕೂತಿದೆ. ಎರಡೂ ಕೈಹಿಡಿಯುತ್ತವೆ.

ಡೇಟಾ ಬ್ಯಾಂಕಿನಿಂದ ಫೈಲ್ ಇಳಿಸಿದರೆ ಮೊದಲು ಕಾಣುವ ಕೊರತೆ ಹೈಡ್ರೋಜನ್. ಎಕ್ಸ್-ರೇಯಲ್ಲಿ ಅವು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಎಲ್ಲವನ್ನೂ ನಾವೇ ಹಾಕಬೇಕು. ಬಹಳಷ್ಟು ಕಡೆ ಗೊಂದಲವಿಲ್ಲ, ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಬಂದಾಗ ನಿಲ್ಲಬೇಕಾಗುತ್ತದೆ. ಅದರ ಉಂಗುರದಲ್ಲಿ ಎರಡು ನೈಟ್ರೋಜನ್. ಹೈಡ್ರೋಜನ್ ಇದರ ಮೇಲಾ, ಅದರ ಮೇಲಾ, ಇಲ್ಲ ಎರಡರ ಮೇಲಾ? ಟ್ರಿಪ್ಸಿನ್ನಿನಲ್ಲಿ 57ನೇ ಹಿಸ್ಟಿಡಿನ್ ಕತ್ತರಿಸುವ ಕೆಲಸದ ನಡುಮಧ್ಯದಲ್ಲೇ ಇದೆ. ಅಕ್ಕಪಕ್ಕದ ಆಸ್ಪಾರ್ಟೇಟ್ ಮತ್ತು ಸೆರಿನ್ ನೋಡಿ, ಯಾರಿಗೆ ಯಾರು ಹೈಡ್ರೋಜನ್ ಬಂಧ ಕೊಡುತ್ತಾರೆ ಎಂದು ಯೋಚಿಸಿ ತೀರ್ಮಾನಿಸಬೇಕು. ಒಂದು ಹೈಡ್ರೋಜನ್ ತಪ್ಪು ಕಡೆ ಹೋದರೆ ಕಂಪ್ಯೂಟರ್ ದೂರು ಹೇಳುವುದಿಲ್ಲ. ರಾತ್ರಿಯೆಲ್ಲ ಓಡಿ, ಬೆಳಿಗ್ಗೆ ಅಂದವಾದ ತಪ್ಪು ಉತ್ತರ ಕೊಡುತ್ತದೆ.

ಆಮೇಲೆ ಟ್ರಿಪ್ಸಿನ್ನಿಗೆ ಅಂಟಿರುವ ಕ್ಯಾಲ್ಸಿಯಂ ಇಡಬೇಕು. ಗುಳಿಯಲ್ಲಿ ಕಂಡ ನೀರಿನ ಅಣುಗಳನ್ನು ಉಳಿಸಬೇಕು. ಇಡೀ ಪ್ರೋಟೀನನ್ನು ನೀರಿನ ಪೆಟ್ಟಿಗೆಯಲ್ಲಿ ಮುಳುಗಿಸಿ, ಸ್ವಲ್ಪ ಉಪ್ಪು ಸೇರಿಸಿ, ನಿಧಾನಕ್ಕೆ ಬಿಸಿ ಮಾಡಬೇಕು. ಎಲ್ಲ ಸರಿಯಾಗಿದ್ದರೆ ಫಲ ಸೊಗಸಾಗಿರುತ್ತದೆ. 2011ರಲ್ಲಿ ಬಾರ್ಸಿಲೋನಾದ ತಂಡವೊಂದು ಇದೇ ಬೆಂಜಾಮಿಡಿನ್ನನ್ನು ನೀರಿನಲ್ಲಿ ಬಿಟ್ಟು, ಗುಳಿ ಎಲ್ಲಿದೆ ಎಂದು ಹೇಳದೆ, ತಲಾ 100 ನ್ಯಾನೋಸೆಕೆಂಡಿನ 495 ಸಿಮ್ಯುಲೇಷನ್ ಓಡಿಸಿತು. 187 ಸಲ ಅದು ತಾನಾಗಿ ದಾರಿ ಹುಡುಕಿಕೊಂಡು ಸರಿಯಾದ ಗುಳಿಗೇ ಹೋಗಿ ಕೂತಿತು. ಬರೀ ನ್ಯೂಟನ್ ಮತ್ತು ಫೋರ್ಸ್ ಫೀಲ್ಡ್.

ಇದರಿಂದ ನಿಜವಾಗಲೂ ಮಾತ್ರೆ ಬಂದಿದೆಯಾ?

ಬಂದಿದೆ, ಆದರೆ ಯಾವುದೂ ಬರೀ ಲೆಕ್ಕದಿಂದ ಬಂದದ್ದಲ್ಲ. ಜ್ವರದ ಔಷಧಿ ಝನಾಮಿವಿರ್ ನನಗೆ ಇಷ್ಟವಾದ ಉದಾಹರಣೆ. ಇನ್‌ಫ್ಲುಯೆಂಝಾ ವೈರಸ್ಸಿನ ನ್ಯೂರಮಿನಿಡೇಸ್ ಎಂಬ ಕಿಣ್ವದ ಗುಳಿಯಲ್ಲಿ ಯಾವ ಗುಂಪು ಎಲ್ಲಿ ಇಷ್ಟಪಟ್ಟು ಕೂರುತ್ತದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು ಗ್ರಿಡ್ ಎಂಬ ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕಿದರು. ಒಂದು ಜಾಗದಲ್ಲಿ ಧನ ವಿದ್ಯುದಂಶ ಬೇಕು ಎಂದು ಲೆಕ್ಕ ಹೇಳಿತು. ಅಲ್ಲಿದ್ದ ಹೈಡ್ರಾಕ್ಸಿಲ್ ತೆಗೆದು ಧನ ವಿದ್ಯುದಂಶದ ಗ್ವಾನಿಡಿನ್ ಗುಂಪು ಹಾಕಿದಾಗ ಅಂಟುವ ಶಕ್ತಿ ಸಾವಿರಾರು ಪಟ್ಟು ಏರಿತು. 1999ರಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಸಿಮ್ಯುಲೇಷನ್ ಕೂಡ ಇರಲಿಲ್ಲ, ಬರೀ ಶಕ್ತಿಯ ನಕ್ಷೆ.

ಎಚ್‌ಐವಿಯ ರಾಲ್ಟೆಗ್ರಾವಿರ್ ಬಗ್ಗೆಯೂ ಕೇಳಿರಬಹುದು. 2004ರಲ್ಲಿ ಒಂದು ಸಿಮ್ಯುಲೇಷನ್ ಎಚ್‌ಐವಿಯ ಇಂಟಿಗ್ರೇಸ್ ಕಿಣ್ವದಲ್ಲಿ ಯಾರೂ ನೋಡದಿದ್ದ ಇನ್ನೊಂದು ಕಾಲುವೆಯನ್ನು ತೋರಿಸಿತು, 2007ರಲ್ಲಿ ಆ ಕಿಣ್ವಕ್ಕೆ ಮೊದಲ ಔಷಧಿಯಾಗಿ ರಾಲ್ಟೆಗ್ರಾವಿರ್ ಬಂತು. ಅದರಿಂದಲೇ ಇದು ಅನ್ನುವವರಿದ್ದಾರೆ, ನನಗೆ ಅದು ಸ್ವಲ್ಪ ಜಾಸ್ತಿ ಆಯ್ತು ಅನಿಸುತ್ತದೆ. ಈಚಿನದು ಅಂದರೆ ಝಾಸೊಸಿಟಿನಿಬ್. ಸೋರಿಯಾಸಿಸ್ ಚರ್ಮರೋಗಕ್ಕೆ, ಟಿವೈಕೆ2 ಎಂಬ ಪ್ರೋಟೀನನ್ನು ತಡೆಯುವ ಅಣು. ಎಫ್‌ಇಪಿ ಲೆಕ್ಕವನ್ನು ಉದ್ದಕ್ಕೂ ಬಳಸಿ ಮಾಡಿದ್ದು. 2022ರ ಕೊನೆಗೆ ತಕೇಡಾ ಕಂಪನಿ ಅದನ್ನು 400 ಕೋಟಿ ಡಾಲರ್ ಮುಂಗಡಕ್ಕೆ ಕೊಳ್ಳುವುದಾಗಿ ಪ್ರಕಟಿಸಿತು. ಆ ಅಣು ಮೂರನೇ ಹಂತದ ಪ್ರಯೋಗದವರೆಗೆ ಹೋಗಿದೆ. ತಕೇಡಾ ಸುದ್ದಿ ಬಂದ ವಾರ ನಮ್ಮಂಥವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಗಟ್ಟಿಯಾಗಿ ಅಂಟಿದರೆ ಔಷಧಿ ಆಯ್ತಲ್ಲ?

ಇಲ್ಲ. ನೀರಿನಲ್ಲಿ ಕರಗಬೇಕು, ಕರುಳಿನ ಗೋಡೆ ದಾಟಬೇಕು, ಲಿವರ್ ಅದನ್ನು ಬೇಗ ಮುಗಿಸಬಾರದು, ಬೇರೆ ಪ್ರೋಟೀನ್‌ಗಳಿಗೆ ಅಂಟಬಾರದು. ಟರ್ಫೆನಾಡಿನ್ ಎಂಬ ಅಲರ್ಜಿ ಮಾತ್ರೆ ಒಂದು ಕಾಲದಲ್ಲಿ ಧಾರಾಳವಾಗಿ ಮಾರಾಟವಾಗುತ್ತಿತ್ತು. ಅದು ಹೃದಯದ ಹರ್ಗ್ ಎಂಬ ಪೊಟ್ಯಾಸಿಯಂ ಕಾಲುವೆಗೂ ಅಂಟುತ್ತಿತ್ತು. ಕೆಲವು ಬೇರೆ ಔಷಧಿಗಳ ಜೊತೆ ತೆಗೆದುಕೊಂಡರೆ ಹೃದಯದ ಬಡಿತ ಹದ ತಪ್ಪಿ ಸಾವೂ ಸಂಭವಿಸಿತು. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆದರು. ಸ್ವಾರಸ್ಯ ಏನೆಂದರೆ, ಮೈಯೊಳಗೆ ಟರ್ಫೆನಾಡಿನ್ ಬದಲಾಗಿ ಆಗುವ ಅಣುವೇ ಅಲರ್ಜಿ ತಡೆಯುತ್ತಿದ್ದದ್ದು. ಒಂದು ಮೀಥೈಲ್ ಇದ್ದ ಜಾಗದಲ್ಲಿ ಕಾರ್ಬಾಕ್ಸಿಲ್ ಗುಂಪು, ಅಷ್ಟೇ ವ್ಯತ್ಯಾಸ. ಆ ಗುಂಪು ಇದ್ದರೆ ಹರ್ಗ್‌ಗೆ ಅಂಟುವುದು ತೀರಾ ಕಡಿಮೆ. ಅದೇ ಫೆಕ್ಸೊಫೆನಾಡಿನ್. ಬೆಂಗಳೂರಿನ ಧೂಳಿಗೆ ಸೀನುವ ಎಷ್ಟೋ ಜನರ ಮನೆಯಲ್ಲಿ ಅದರ ಸ್ಟ್ರಿಪ್ ಇರುತ್ತದೆ.

ಎಐ ಬಂದ ಮೇಲೆ ಈ ಭೌತಶಾಸ್ತ್ರ ಬೇಕಾ?

ಪ್ರೋಟೀನಿನ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್ 2020ರಲ್ಲಿ ಮಾಡಿದ್ದು ಸಣ್ಣ ಕೆಲಸವಲ್ಲ. 2024ರ ಕೆಮಿಸ್ಟ್ರಿ ನೊಬೆಲ್ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಮತ್ತು ಡೇವಿಡ್ ಬೇಕರ್ ಅವರಿಗೆ ನ್ಯಾಯವಾಗಿಯೇ ಸಿಕ್ಕಿತು. ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರದ ಊಹೆ ಈಗ ಎಲ್ಲರಿಗೂ ಬಿಟ್ಟಿ. 2025ರಲ್ಲಿ ಬಂದ ಬೋಲ್ಟ್-2 ಎಂಬ ಎಐ ಅಂಟುವ ಶಕ್ತಿಯನ್ನೂ ಹೇಳುತ್ತದೆ, ಅದೂ ಎಫ್‌ಇಪಿಗಿಂತ ಸಾವಿರ ಪಟ್ಟು ಬೇಗ.

ಆದರೂ ಒಂದು ಎಚ್ಚರ ಬೇಕು. ಇಂಥ ಮಾದರಿಗಳು ಕಲಿತದ್ದಕ್ಕೆ ಹತ್ತಿರವಿರುವ ಅಣುಗಳಲ್ಲಿ ಜಾಣತನ ತೋರಿಸುತ್ತವೆ. ಯಾರೂ ಮಾಡದ ಅಣು, ಯಾರೂ ಮುಟ್ಟದ ಗುಳಿ ಬಂದಾಗ ತಡವರಿಸುತ್ತವೆ. ಹೊಸ ಔಷಧಿ ಅಂದರೆ ಬಹಳ ಸಲ ಅದೇ ಅಲ್ವಾ? ವಿದ್ಯುದಂಶಗಳ ಬಲ ಹೇಳುವ ಕೂಲಂಬನ ನಿಯಮಕ್ಕೆ ಅಣು ಹೊಸದೋ ಹಳೆಯದೋ ಎಂಬ ಭೇದವಿಲ್ಲ. ಈಗಿನ ರೂಢಿ ಎರಡನ್ನೂ ಸೇರಿಸುವುದು. ಎಫ್‌ಇಪಿಯಿಂದ ಸಾವಿರ ಅಣು ಲೆಕ್ಕ ಹಾಕಿ, ಅದನ್ನು ಎಐಗೆ ಕಲಿಸಿ, ಅದರಿಂದ ಲಕ್ಷಗಟ್ಟಲೆ ಅಣು ಸೋಸಿ, ಉಳಿದದ್ದನ್ನು ಮತ್ತೆ ಎಫ್‌ಇಪಿಗೆ ಹಾಕುವುದು. ಫೋರ್ಸ್ ಫೀಲ್ಡನ್ನೇ ಕ್ವಾಂಟಂ ಲೆಕ್ಕಗಳಿಂದ ಕಲಿತ ಎಐ ಬರೆಯುವ ಕೆಲಸವೂ ಜೋರಾಗಿ ನಡೆದಿದೆ. ಈ ಕ್ಷೇತ್ರದಲ್ಲಿ ಮುಂದೆ ಏನಾದರೂ ದೊಡ್ಡದು ಆಗುವುದಿದ್ದರೆ ಅಲ್ಲೇ ಎಂದು ನನ್ನ ಲೆಕ್ಕಾಚಾರ.

ಕ್ವಾಂಟಂ ಕಂಪ್ಯೂಟರ್?

ಸದ್ಯಕ್ಕೆ ಇಲ್ಲ. ಪ್ರೋಟೀನ್ ಅಷ್ಟು ದೊಡ್ಡದನ್ನು ಲೆಕ್ಕ ಹಾಕುವ ಮಟ್ಟಕ್ಕೆ ಅವು ಬಂದಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸ ಎಲ್ಲೆಲ್ಲಿ ನಡೆಯುತ್ತದೆ?

ಐಐಎಸ್‌ಸಿ ಮೊದಲ ಹೆಸರು. ಅಲ್ಲಿನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ 2022ರಲ್ಲಿ ಬಂತು, 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ್ದು (ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ). ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಸಂಶೋಧನಾ ಸಂಸ್ಥೆಗಳಿವೆ. ಎನ್‌ಸಿಬಿಎಸ್ ಪಕ್ಕದಲ್ಲೇ ಕ್ರಯೋ-ಇಎಂ ಸೌಲಭ್ಯ ಇದೆ. ಕಂಪನಿಗಳು ಅಂದರೆ ಬೊಮ್ಮಸಂದ್ರದ ಸಿಂಜೀನ್, ಎಲೆಕ್ಟ್ರಾನಿಕ್ ಸಿಟಿಯ ಆರಿಜೀನ್, ಜುಬಿಲೆಂಟ್ ಬಯೋಸಿಸ್. ಸಾಫ್ಟ್‌ವೇರ್ ಮಾಡುವ ಶ್ರೋಡಿಂಗರ್ ಕಂಪನಿಗೂ ಇಲ್ಲಿ ಕಚೇರಿ ಇದೆ. ಲೆಕ್ಕ ಹಾಕುವವರು ಯಶವಂತಪುರದ ಕಡೆ, ಅಣು ಮಾಡುವವರು ಹೊಸೂರು ರಸ್ತೆ ಕಡೆ ಇದ್ದರೆ ಒಂದು ಮೀಟಿಂಗಿಗೆ ಸಿಲ್ಕ್ ಬೋರ್ಡ್ ದಾಟಬೇಕು. ಕೋವಿಡ್ ನಂತರ ವಿಡಿಯೋ ಕಾಲ್ ಬಂದದ್ದು ಈ ಊರಿನ ಔಷಧಿ ಸಂಶೋಧನೆಗೆ ದೊಡ್ಡ ಉಪಕಾರ.

ನಾನು ಬಿಎಸ್ಸಿ ಫಿಸಿಕ್ಸ್. ಜಿಲ್ಲಾ ಕಾಲೇಜು, ಕನ್ನಡ ಮಾಧ್ಯಮ. ಈ ಕಡೆ ಬರಬಹುದಾ?

ಖಂಡಿತ. ಈ ಕ್ಷೇತ್ರಕ್ಕೆ ನೇರವಾಗಿ ಬಂದವರೇ ಕಡಿಮೆ. ಫಿಸಿಕ್ಸ್, ಕೆಮಿಸ್ಟ್ರಿ, ಫಾರ್ಮಸಿ, ಕಂಪ್ಯೂಟರ್ ಸೈನ್ಸ್, ಎಲ್ಲ ಕಡೆಯಿಂದ ಬಂದವರಿದ್ದಾರೆ. ಫಿಸಿಕ್ಸ್‌ನವರಿಗೆ ಇರುವ ಬಲ ಸ್ಟ್ಯಾಟಿಸ್ಟಿಕಲ್ ಮೆಕಾನಿಕ್ಸ್. ಎಂಟ್ರೊಪಿ ಅಂದರೆ ಏನು ಎಂದು ಮೈಗೂಡಿದವರಿಗೆ ಎಫ್‌ಇಪಿ ಕಷ್ಟವಲ್ಲ. ಕೊರತೆ ಇರುವುದು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ. ಅದನ್ನು ಓದಲೇಬೇಕು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೆಮಿಸ್ಟ್ ಮಾಡಲಾಗದ ಅಣುವನ್ನು ಸೂಚಿಸಿದರೆ ಎರಡನೇ ಸಲ ಅವರು ನಿಮ್ಮ ಮಾತು ಕೇಳುವುದಿಲ್ಲ.

ಪೈಥಾನ್ ಮತ್ತು ಲಿನಕ್ಸ್ ಕಲಿಯಿರಿ. ಗ್ರೋಮ್ಯಾಕ್ಸ್, ಓಪನ್‌ಎಂಎಂ, ಆರ್‌ಡಿಕಿಟ್, ಆಟೋಡಾಕ್ ವೀನಾ ಎಂಬ ಈ ಕೆಲಸದ ಸಾಫ್ಟ್‌ವೇರ್‌ಗಳೆಲ್ಲ ಬಿಟ್ಟಿ ಸಿಗುತ್ತವೆ. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಡಾಕಿಂಗ್ ಮಾಡಬಹುದು, ಗೂಗಲ್ ಕೊಲ್ಯಾಬ್‌ನ ಜಿಪಿಯುನಲ್ಲಿ ಚಿಕ್ಕ ಸಿಮ್ಯುಲೇಷನ್ ಓಡಿಸಬಹುದು. ಮೊದಲು ಟ್ರಿಪ್ಸಿನ್-ಬೆಂಜಾಮಿಡಿನ್ ಮಾಡಿ. ಮುಂದಕ್ಕೆ ಐಐಟಿ ಜಾಮ್ ಬರೆದು ಒಳ್ಳೆಯ ಎಂಎಸ್ಸಿ ಸೇರಿ, ಆಮೇಲೆ ಪಿಎಚ್‌ಡಿ. ಇಂಗ್ಲಿಷ್ ಬಗ್ಗೆ ಹೆದರಿಕೆ ಬೇಡ. ಲ್ಯಾಬ್‌ಗಳಲ್ಲಿ ಅರ್ಧ ಜನ ಕೋಡ್ ಮತ್ತು ಗ್ರಾಫ್ ತೋರಿಸಿಯೇ ಮಾತಾಡುತ್ತಾರೆ.

ಇದರಿಂದ ಮಾತ್ರೆಗಳ ಬೆಲೆ ಇಳಿಯುತ್ತದಾ?

ಅಷ್ಟು ನಿರೀಕ್ಷೆ ಬೇಡ. ಖರ್ಚಿನ ದೊಡ್ಡ ಪಾಲು ಇರುವುದು ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ, ಅಣು ಹುಡುಕುವುದರಲ್ಲಿ ಅಲ್ಲ. ಪ್ರಯೋಗಕ್ಕೆ ಹೋದ ಹತ್ತು ಅಣುಗಳಲ್ಲಿ ಸುಮಾರು ಒಂಬತ್ತು ಸೋಲುತ್ತವೆ. ಬಹಳ ಸಲ ಸೋಲುವುದು ಸರಿಯಾಗಿ ಅಂಟದೆ ಅಲ್ಲ, ಹಿಡಿದ ಪ್ರೋಟೀನೇ ಆ ರೋಗಕ್ಕೆ ಕಾರಣವಾಗಿರದೆ. ಅದನ್ನು ನಮ್ಮ ಲೆಕ್ಕ ಹೇಳಲಾರದು. ನಮ್ಮ ದೇಶದಲ್ಲಿ ಬೆಲೆ ಇಳಿಸುವುದು ಪೇಟೆಂಟ್ ಮುಗಿದ ಮೇಲೆ ಬರುವ ಜೆನೆರಿಕ್ ಕಂಪನಿಗಳು.

ನಮ್ಮ ತಂದೆಗೆ ಪಾರ್ಕಿನ್ಸನ್ ಇದೆ. ನೀವು ಮಾಡುತ್ತಿರುವುದು ಏನಾದರೂ ಸಿಗಬಹುದಾ?

ಇಂಥ ಮೆಸೇಜ್ ಬಂದಾಗ ನೇರವಾಗಿ ಹೇಳುವುದೇ ಸರಿ. ಸಿಗುವುದಿಲ್ಲ. ನಾವು ಇವತ್ತು ಲೆಕ್ಕ ಹಾಕುವ ಅಣು ಎಲ್ಲ ಪರೀಕ್ಷೆ ಗೆದ್ದರೂ ರೋಗಿಗೆ ಮುಟ್ಟಲು ಹತ್ತು ವರ್ಷ ಬೇಕು. ಲ್ಯಾಬ್‌ನಲ್ಲಿರುವ ಅಣುವನ್ನು ಯಾರಿಗೂ ಕೊಡುವ ಹಾಗಿಲ್ಲ, ಯಾರಾದರೂ ಕೊಡುತ್ತೇವೆ ಅಂದರೆ ನಂಬಬೇಡಿ. ತಂದೆಯವರಿಗೆ ಈಗ ನಡೆಯುತ್ತಿರುವ ಔಷಧಿ ಹೊಂದುತ್ತಿಲ್ಲ ಅನಿಸಿದರೆ ನಿಮ್ಹಾನ್ಸ್‌ನಲ್ಲಿ ತೋರಿಸಿ. ಹೊಸ ಔಷಧಿಗಳ ಪ್ರಯೋಗ ಎಲ್ಲಿ ನಡೆಯುತ್ತಿದೆ ಎಂದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಯಾರು ಬೇಕಾದರೂ ಹುಡುಕಬಹುದು. 2009ರಿಂದ ಪ್ರತಿ ಪ್ರಯೋಗವನ್ನೂ ಅಲ್ಲಿ ನೋಂದಾಯಿಸುವುದು ಕಡ್ಡಾಯ. ಕಾಯಿಲೆಯ ಹೆಸರು ಹಾಕಿದರೆ ಆಸ್ಪತ್ರೆ, ಊರು, ಯಾರನ್ನು ಸೇರಿಸಿಕೊಳ್ಳುತ್ತಾರೆ ಎಂಬ ವಿವರ ಬರುತ್ತದೆ. ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಹೋಗಿ, ತಂದೆಯವರಿಗೆ ಹೊಂದುತ್ತದಾ ಎಂದು ಕೇಳಿ.